ರೋಗಿಯ ಕೋಣೆಗೆ ದೊಡ್ಡ ರೇಡಿಯೇಟರೋ, ನೆಲದಡಿಯ ಬಿಸಿಯೋ? ಕೊಳ್ಳುವ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳು

ದೆಹಲಿಯ ಜನವರಿ ರಾತ್ರಿ ಊರಿನ ಚಳಿಯಂತಲ್ಲ. ಹೊರಗೆ 5–8 ಡಿಗ್ರಿ ಇರುತ್ತದೆ, ಗೋಡೆಯೂ ನೆಲವೂ ಮಂಜುಗಡ್ಡೆಯಂತೆ ತಣ್ಣಗಿರುತ್ತವೆ. ಕರ್ನಾಟಕದಿಂದ ಬಂದು ನಿಮ್ಮ ಜೊತೆಗಿರುವ ವಯಸ್ಸಾದ ತಂದೆ ತಾಯಿಗೆ ಇದು ಬರೀ ಅನನುಕೂಲವಲ್ಲ, ಆರೋಗ್ಯದ ಪ್ರಶ್ನೆ. ಅವರಿಗೆ ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಉಬ್ಬಸ ಇದ್ದರಂತೂ ಕೋಣೆಯನ್ನು ಬೆಚ್ಚಗಿಡುವುದು ಚಿಕಿತ್ಸೆಯ ಒಂದು ಭಾಗವೇ ಆಗುತ್ತದೆ.

ಅಂಗಡಿಗೆ ಹೋದರೆ ಹೆಚ್ಚು ಫಿನ್‌ಗಳಿರುವ ದೊಡ್ಡ ಆಯಿಲ್ ರೇಡಿಯೇಟರ್ ತೋರಿಸುತ್ತಾರೆ. ಮನೆ ನವೀಕರಣ ಮಾಡುವ ಗುತ್ತಿಗೆದಾರರು ಟೈಲ್ಸ್ ಕೆಳಗೆ ಹೀಟಿಂಗ್ ಮ್ಯಾಟ್ ಹಾಕಿಸಿ ಎನ್ನುತ್ತಾರೆ. ಇಬ್ಬರೂ ಹೇಳುವುದು ಎಷ್ಟು ಬಿಸಿಯಾಗುತ್ತದೆ, ಎಷ್ಟು ಕರೆಂಟು ಉಳಿಯುತ್ತದೆ ಎಂಬುದನ್ನು. ರೋಗಿಯ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಅದನ್ನು ಇಲ್ಲಿ ವಿವರವಾಗಿ ನೋಡೋಣ.

ಕೋಣೆ ಎಷ್ಟು ಬೆಚ್ಚಗಿರಬೇಕು?

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಸತಿ ಮತ್ತು ಆರೋಗ್ಯ ಮಾರ್ಗಸೂಚಿಯ ಪ್ರಕಾರ, ಚಳಿ ಬೀಳುವ ಪ್ರದೇಶಗಳಲ್ಲಿ ಮನೆಯೊಳಗಿನ ತಾಪಮಾನ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ವೃದ್ಧರು, ಮಕ್ಕಳು ಮತ್ತು ದೀರ್ಘಕಾಲದ ಕಾಯಿಲೆ ಇರುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಸಾಮಾನ್ಯವಾಗಿ ರೋಗಿಯ ಕೋಣೆಗೆ 20–22 ಡಿಗ್ರಿ ಹಿತವಾಗಿರುತ್ತದೆ.

ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚಾಗುತ್ತದೆ. ಚಳಿಗಾಲದಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗಲು ಇದೂ ಒಂದು ಕಾರಣ. ತಣ್ಣನೆಯ ಗಾಳಿ ಶ್ವಾಸನಾಳಗಳನ್ನು ಬಿಗಿಸಿ ಆಸ್ತಮಾ ಮತ್ತು ಸಿಒಪಿಡಿ ಇರುವವರಿಗೆ ಉಬ್ಬಸ ತರಬಹುದು.

ಹಾಗಾಗಿ ಹೀಟರ್ ಕೊಳ್ಳುವ ಮೊದಲು ಕೋಣೆಯ ತಾಪಮಾನ ಮತ್ತು ತೇವಾಂಶ ಎರಡನ್ನೂ ತೋರಿಸುವ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ರೋಗಿ ಮಲಗುವ ಎತ್ತರದಲ್ಲಿ, ಹೀಟರಿನಿಂದ ದೂರ ಇಡಿ. ವಯಸ್ಸಾದವರಿಗೆ ಚಳಿ ಗೊತ್ತಾಗುವುದೇ ಕಡಿಮೆ. ಅವರು "ನನಗೇನೂ ಚಳಿ ಇಲ್ಲ" ಅಂದರೂ ಥರ್ಮಾಮೀಟರಿನ ಮಾತನ್ನೇ ನಂಬಿ.

ಎರಡೂ ಹೇಗೆ ಕೆಲಸ ಮಾಡುತ್ತವೆ?

ಒಂದು ಕೋಣೆಗೆ ಬೇಕಾದ ಶಾಖವನ್ನು ಎರಡು ರೀತಿ ಕೊಡಬಹುದು. ಸಣ್ಣ ವಸ್ತುವನ್ನು ಕೆಂಡದಂತೆ ಕಾಯಿಸಬಹುದು, ಅಥವಾ ದೊಡ್ಡ ವಸ್ತುವನ್ನು ಹದವಾಗಿ ಬೆಚ್ಚಗಾಗಿಸಬಹುದು. ಕೆಂಪಗೆ ಉರಿಯುವ ರಾಡ್ ಹೀಟರ್ ಮೊದಲನೆಯ ಬಗೆ. ದೊಡ್ಡ ರೇಡಿಯೇಟರ್ ಮತ್ತು ನೆಲದಡಿಯ ಬಿಸಿ ಎರಡನೆಯ ಬಗೆ.

ಯುರೋಪಿನ ಮನೆಗಳಲ್ಲಿ ರೇಡಿಯೇಟರಿನೊಳಗೆ ಬಿಸಿನೀರು ಹರಿಯುತ್ತದೆ. ಹಳೆಯ ಗ್ಯಾಸ್ ಬಾಯ್ಲರುಗಳು 70–80 ಡಿಗ್ರಿಯ ನೀರು ಕಳಿಸುತ್ತಿದ್ದವು. ಈಗ ಹೀಟ್ ಪಂಪ್ ಹಾಕಿಸುವವರು 45–55 ಡಿಗ್ರಿಯ ನೀರಲ್ಲೇ ಕೋಣೆ ಕಾಯಿಸಬೇಕಾಗುತ್ತದೆ. ಅದಕ್ಕಾಗಿ ಅಗತ್ಯಕ್ಕಿಂತ ದೊಡ್ಡದೆನಿಸುವ ರೇಡಿಯೇಟರ್ ಹಾಕುತ್ತಾರೆ, ಇಲ್ಲವೇ ನೆಲದಡಿ ಪೈಪು ಎಳೆಯುತ್ತಾರೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಕರೆಂಟಿನ ಆಯಿಲ್ ರೇಡಿಯೇಟರ್. ಒಳಗಿನ ಎಣ್ಣೆ ಸುಡುವುದಿಲ್ಲ, ಖರ್ಚಾಗುವುದೂ ಇಲ್ಲ, ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ಲೆಕ್ಕ ಮಾತ್ರ ಒಂದೇ: ಅದೇ ಶಾಖವನ್ನು ಹೆಚ್ಚು ಫಿನ್‌ಗಳು ಹಂಚಿಕೊಂಡರೆ ಒಂದೊಂದು ಫಿನ್‌ನ ಬಿಸಿ ಕಡಿಮೆಯಾಗುತ್ತದೆ. ಆದ್ದರಿಂದ 9 ಫಿನ್‌ನದನ್ನು ಫುಲ್‌ನಲ್ಲಿ ಓಡಿಸುವುದಕ್ಕಿಂತ 11 ಅಥವಾ 13 ಫಿನ್‌ನದನ್ನು ಕಡಿಮೆ ಸೆಟ್ಟಿಂಗಿನಲ್ಲಿ ಓಡಿಸುವುದು ರೋಗಿಗೆ ಕ್ಷೇಮ.

ನೆಲದಡಿಯ ವ್ಯವಸ್ಥೆಯಲ್ಲಿ ಇಡೀ ನೆಲವೇ ರೇಡಿಯೇಟರ್. ನಮ್ಮ ದೇಶಕ್ಕೆ ಇದು ತೀರಾ ಹೊಸದೂ ಅಲ್ಲ. ಕಾಶ್ಮೀರದ ಹಮಾಮ್‌ನಲ್ಲಿ ಕಲ್ಲಿನ ನೆಲದ ಕೆಳಗೆ ಸೌದೆ ಉರಿಸಿ ಕೋಣೆ ಬೆಚ್ಚಗಿಡುತ್ತಾರೆ. ಈಗಿನ ಮ್ಯಾಟ್‌ಗಳಲ್ಲಿ ಟೈಲ್ಸ್ ಕೆಳಗೆ ತೆಳುವಾದ ಕರೆಂಟ್ ಕೇಬಲ್ ಇರುತ್ತದೆ. ಜನ ಓಡಾಡುವ ಜಾಗದಲ್ಲಿ ನೆಲದ ಮೇಲ್ಮೈ 29 ಡಿಗ್ರಿ ಮೀರಬಾರದು ಎಂಬುದು ಯುರೋಪಿನ ಮಾನದಂಡ. ಮುಟ್ಟಿದರೆ ಬಿಸಿ ಎನಿಸುವುದಿಲ್ಲ, ತಣ್ಣಗಿಲ್ಲ ಎನಿಸುತ್ತದೆ.

ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳು

ಊರಿನಲ್ಲಿ ಬಚ್ಚಲೊಲೆಯ ಮುಂದೆ ಕೂತು ಚಳಿ ಕಾಯಿಸಿದ್ದು ನೆನಪಿದೆಯೇ? ಕಾವು ಹೆಚ್ಚಾದರೆ ತಾವಾಗಿಯೇ ಹಿಂದಕ್ಕೆ ಸರಿಯುತ್ತಿದ್ದೆವು. ನಮ್ಮನ್ನು ಕಾಪಾಡುತ್ತಿದ್ದುದು ಒಲೆಯಲ್ಲ, ಆ ಸರಿಯುವ ಶಕ್ತಿ. ಅನೇಕ ರೋಗಿಗಳಲ್ಲಿ ಇಲ್ಲವಾಗುವುದು ಅದೇ. ಹಾಗಾಗಿ ಯಾವ ಹೀಟರ್ ಎಂದು ನೋಡುವ ಮೊದಲು ಹೀಗೆ ಕೇಳಿಕೊಳ್ಳಿ:

1. ರೋಗಿಗೆ ಬಿಸಿ ಗೊತ್ತಾಗುತ್ತದೆಯೇ?
2. ಗೊತ್ತಾದರೆ, ಯಾರ ಸಹಾಯವೂ ಇಲ್ಲದೆ ಅಲ್ಲಿಂದ ಸರಿಯಲು ಆಗುತ್ತದೆಯೇ?

ಎರಡಕ್ಕೂ "ಹೌದು" ಎಂದಾದರೆ ನಿಮ್ಮ ಆಯ್ಕೆ ಸುಲಭ. ಖರ್ಚು, ಜಾಗ ಮತ್ತು ಅನುಕೂಲ ನೋಡಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಒಂದಕ್ಕಾದರೂ "ಇಲ್ಲ" ಎಂದಾದರೆ, ಬಿಸಿಯಾದ ವಸ್ತು ಅವರ ಚರ್ಮಕ್ಕೆ ಹೆಚ್ಚು ಹೊತ್ತು ತಾಗದಂತೆ ನೋಡಿಕೊಳ್ಳುವುದೇ ನಿಮ್ಮ ಮೊದಲ ಕೆಲಸ.

ಸುಟ್ಟಗಾಯ ಆಗುವುದು ಬಿಸಿಯಿಂದ ಮಾತ್ರವಲ್ಲ, ಬಿಸಿ ಮತ್ತು ಸಮಯ ಎರಡೂ ಸೇರಿ. 60 ಡಿಗ್ರಿಯ ವಸ್ತುವಿಗೆ ಕೆಲವು ಸೆಕೆಂಡು ಸಾಕು. ಆದರೆ ಸುಮಾರು 44 ಡಿಗ್ರಿಯಷ್ಟು ಬಿಸಿಯೂ ಆರು ಗಂಟೆ ಒಂದೇ ಜಾಗಕ್ಕೆ ತಾಗಿದ್ದರೆ ಚರ್ಮ ಸುಡುತ್ತದೆ. ಅದು ನಮ್ಮ ಸ್ನಾನದ ನೀರಿಗಿಂತ ಹೆಚ್ಚೇನೂ ಬಿಸಿಯಲ್ಲ. ಮುಟ್ಟಿ ನೋಡಿದವರಿಗೆ ಹಿತವಾಗಿಯೇ ಇರುತ್ತದೆ, ರಾತ್ರಿಯಿಡೀ ಅದರ ಮೇಲೆ ಕಾಲಿಟ್ಟು ಮಲಗಿದವರಿಗೆ ಬೊಬ್ಬೆ ಏಳುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಮತ್ತು ವೃದ್ಧರ ಆರೈಕೆ ಕೇಂದ್ರಗಳಲ್ಲಿ ರೇಡಿಯೇಟರಿನ ಮೇಲ್ಮೈ 43 ಡಿಗ್ರಿ ಮೀರಬಾರದು ಎಂಬ ಮಾರ್ಗಸೂಚಿ ಇರುವುದು ಇದಕ್ಕೇ.

ನಮ್ಮ ಮನೆಗಳಲ್ಲಿ ನೆಲವೇ ಹಾಸಿಗೆ

29 ಡಿಗ್ರಿಯ ಮಿತಿ ಓಡಾಡುವವರ ಪಾದಕ್ಕೆ ಮಾಡಿದ ಲೆಕ್ಕ. ನಮ್ಮಲ್ಲಿ ನೆಲದ ಮೇಲೆ ಕೂರುತ್ತೇವೆ, ಉಣ್ಣುತ್ತೇವೆ, ಹಾಸಿಗೆ ಹಾಸಿ ಮಲಗುತ್ತೇವೆ. ಬಿಸಿ ನೆಲದ ಮೇಲೆ ದಪ್ಪ ಹಾಸಿಗೆಯೋ ರಜಾಯಿಯೋ ಬಿದ್ದರೆ ಕೆಳಗಿನ ಶಾಖಕ್ಕೆ ಮೇಲೆ ಬರಲು ದಾರಿ ಇರುವುದಿಲ್ಲ. ಅದು ಅಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತದೆ. ನೆಲದ ಸೆನ್ಸರ್ ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರೆ ಥರ್ಮೋಸ್ಟಾಟಿಗೆ ಇದು ತಿಳಿಯುವುದೂ ಇಲ್ಲ. ಹಾಸಿಗೆಯ ಕೆಳಗಿನ ನೆಲ 29ಕ್ಕಿಂತ ಬಹಳ ಮೇಲೆ ಹೋಗಬಹುದು.

ಆದ್ದರಿಂದ ನೆಲದ ಮೇಲೆ ಮಲಗುವ ರೋಗಿಗೆ, ಅದರಲ್ಲೂ ಮಗ್ಗುಲು ಬದಲಿಸಲು ಆಗದವರಿಗೆ, ನೆಲದಡಿಯ ಬಿಸಿ ಬೇಡ. ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಒತ್ತಡದ ಹುಣ್ಣಿನ ಭಯ ಮೊದಲೇ ಇರುತ್ತದೆ, ಶಾಖ ಅದನ್ನು ಹೆಚ್ಚಿಸುತ್ತದೆ. ನೆಲದಡಿಯ ಬಿಸಿ ಈಗಾಗಲೇ ಇರುವ ಮನೆಯಾದರೆ ಅವರನ್ನು ಮಂಚಕ್ಕೆ ಏರಿಸಿ, ಮಂಚದ ಕೆಳಗೆ ಗಾಳಿಯಾಡಲು ಜಾಗ ಬಿಡಿ.

ಕಾಯಿಲೆಗೆ ತಕ್ಕ ಆಯ್ಕೆ

ಸಕ್ಕರೆ ಕಾಯಿಲೆ, ಪಾದಗಳಲ್ಲಿ ಜೋಮು: ನರಗಳಿಗೆ ಹಾನಿಯಾಗಿರುವ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ರೇಡಿಯೇಟರ್ ಇಟ್ಟರೆ ಅವರು ಅದರ ಹತ್ತಿರ ಕುರ್ಚಿ ಎಳೆದುಕೊಂಡು ಕಾಲು ಚಾಚುತ್ತಾರೆ, ಅಪಾಯ ಇರುವುದು ಅಲ್ಲೇ. ಕುರ್ಚಿಯಿಂದ ಕನಿಷ್ಠ ಒಂದು ಮೀಟರ್ ದೂರವಿಡಿ, ಪಾದಗಳಿಗೆ ಉಣ್ಣೆಯ ಸಡಿಲ ಕಾಲುಚೀಲ ಹಾಕಿ. ನೆಲದಡಿಯ ಬಿಸಿ ಇದ್ದರೆ ಮಿತಿಯನ್ನು 27ಕ್ಕೆ ಇಳಿಸಿ. ಯಾವುದೇ ಆದರೂ ದಿನಕ್ಕೊಮ್ಮೆ ಅಂಗಾಲು, ಬೆರಳ ಸಂದು ನೋಡುವ ಅಭ್ಯಾಸ ಬಿಡಬೇಡಿ.

ಪಾರ್ಶ್ವವಾಯು, ಹಾಸಿಗೆ ಹಿಡಿದವರು: ದೂರದಲ್ಲಿಟ್ಟ ದೊಡ್ಡ ರೇಡಿಯೇಟರ್ ಉತ್ತಮ. ಸ್ವಾಧೀನ ಇಲ್ಲದ ಕೈಕಾಲು ಇರುವ ಬದಿಗೆ ಇಡಲೇಬೇಡಿ. ಆ ಕೈ ಮಂಚದಿಂದ ಜಾರಿ ತಾಗಿದರೂ ಅವರಿಗೆ ಗೊತ್ತಾಗುವುದಿಲ್ಲ.

ನಡೆಯುವಾಗ ತೂಗಾಡುವವರು, ಪಾರ್ಕಿನ್ಸನ್ಸ್, ವಾಕರ್ ಬಳಸುವವರು: ಇಲ್ಲಿ ನೆಲದಡಿಯ ಬಿಸಿಗೆ ಅನುಕೂಲವಿದೆ. ಎಡವಲು ವೈರಿಲ್ಲ, ಬೀಳುವಾಗ ಹಿಡಿದುಕೊಳ್ಳಲು ಬಿಸಿ ವಸ್ತುವಿಲ್ಲ. ಬಚ್ಚಲಿನಲ್ಲಿ ನೆಲ ಬೇಗ ಒಣಗುವುದರಿಂದ ಜಾರುವ ಭಯವೂ ಕಡಿಮೆ.

ಮರೆವಿನ ಕಾಯಿಲೆ: ಡಿಮೆನ್ಷಿಯಾ ಇರುವವರು ರೇಡಿಯೇಟರಿನ ಮೇಲೆ ಟವೆಲ್ ಹಾಕಬಹುದು, ಗುಂಡಿ ತಿರುಗಿಸಬಹುದು. ಸುತ್ತ ಜಾಲರಿಯ ತಡೆ ಇಡಿ ಅಥವಾ ಮಿತಿ ಕಟ್ಟಿದ ನೆಲದಡಿಯ ಬಿಸಿ ಆರಿಸಿ.

ಆಸ್ತಮಾ, ಸಿಒಪಿಡಿ: ಗಾಳಿ ಊದುವ ಬ್ಲೋವರ್ ಧೂಳೆಬ್ಬಿಸುತ್ತದೆ. ಅದಕ್ಕಿಂತ ಈ ಎರಡೂ ಮೇಲು, ನೆಲದಡಿಯ ಬಿಸಿಯಲ್ಲಿ ಗಾಳಿಯ ಓಡಾಟ ಇನ್ನೂ ಕಡಿಮೆ. ಆದರೆ ಅದರಿಂದ ಆಸ್ತಮಾ ವಾಸಿಯಾಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಟೈಲ್ಸ್ ಒಡೆಯುವ ದಿನಗಳಲ್ಲಿ ಏಳುವ ಧೂಳು ಮಾತ್ರ ಖಂಡಿತ ತೊಂದರೆ ಕೊಡುತ್ತದೆ. ಕೆಲಸ ಮುಗಿಯುವವರೆಗೆ ರೋಗಿಯನ್ನು ಬೇರೆ ಮನೆಯಲ್ಲಿರಿಸಿ.

ಮನೆಯಲ್ಲೇ ಆಮ್ಲಜನಕ ಪಡೆಯುವವರು: ಆಮ್ಲಜನಕದ ಯಂತ್ರ, ಸಿಲಿಂಡರ್ ಮತ್ತು ರೋಗಿ ಮೂರೂ ಹೀಟರಿನಿಂದ ಕನಿಷ್ಠ 3 ಮೀಟರ್ ದೂರವಿರಲಿ. ರಾಡ್ ಹೀಟರ್ ಆ ಕೋಣೆಗೆ ತರಲೇಬೇಡಿ.

ನೋವಿಗೆ ಫೆಂಟನಿಲ್ ಪಟ್ಟಿ ಹಚ್ಚಿಕೊಂಡವರು: ಪಟ್ಟಿಗೆ ಶಾಖ ತಗುಲಿದರೆ ಔಷಧಿ ಒಮ್ಮೆಲೇ ಹೆಚ್ಚು ಒಳಹೋಗಿ ಉಸಿರಾಟ ಕುಗ್ಗಬಹುದು. ಬಿಸಿ ನೆಲದ ಮೇಲೆ ಮಲಗುವುದು, ಪಟ್ಟಿ ಇರುವ ಭಾಗವನ್ನು ರೇಡಿಯೇಟರಿನ ಹತ್ತಿರ ಒಡ್ಡುವುದು ಎರಡೂ ಕೂಡದು.

ಇನ್ಸುಲಿನ್ ಮತ್ತು ಇನ್ಹೇಲರುಗಳನ್ನು ರೇಡಿಯೇಟರಿನ ಮೇಲಿನ ಕಪಾಟಿನಲ್ಲಾಗಲಿ, ಬಿಸಿ ನೆಲದ ಮೇಲಾಗಲಿ ಇಡಬೇಡಿ.

ಖರ್ಚು, ಕರೆಂಟು, ಬಾಡಿಗೆ ಮನೆ

ಒಂದು ಯೂನಿಟ್ ಕರೆಂಟಿನಿಂದ ಸಿಗುವ ಶಾಖ ರೇಡಿಯೇಟರಿನಲ್ಲೂ ಮ್ಯಾಟ್‌ನಲ್ಲೂ ರಾಡ್ ಹೀಟರಿನಲ್ಲೂ ಒಂದೇ. "ಆಯಿಲ್ ಹೀಟರ್ ಕರೆಂಟು ಉಳಿಸುತ್ತದೆ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಥರ್ಮೋಸ್ಟಾಟ್ ಸರಿಯಾದ ಹೊತ್ತಿಗೆ ಆರಿಸುವುದರಿಂದ ಉಳಿಯುತ್ತದೆ, ಎಣ್ಣೆಯಿಂದಲ್ಲ.

2500 ವ್ಯಾಟ್‌ನ ರೇಡಿಯೇಟರ್ 8 ಗಂಟೆ ನಿಲ್ಲದೆ ಓಡಿದರೆ 20 ಯೂನಿಟ್. ಕೋಣೆ ಕಾದ ಮೇಲೆ ಥರ್ಮೋಸ್ಟಾಟ್ ಆರಿಸಿ ಹೊತ್ತಿಸುವುದರಿಂದ ನಿಜವಾದ ಖರ್ಚು ಅದಕ್ಕಿಂತ ಕಡಿಮೆ. ನೆಲದ ಮ್ಯಾಟ್‌ಗಳು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 150 ವ್ಯಾಟ್. 12x10 ಅಡಿಯ ಕೋಣೆಯಲ್ಲಿ ಮಂಚ, ಬೀರು ಬಿಟ್ಟು 8 ಚದರ ಮೀಟರ್ ಹಾಕಿದರೆ 1200 ವ್ಯಾಟ್. ನಮ್ಮ ಗೋಡೆ, ಕಿಟಕಿಗಳು ಚಳಿ ತಡೆಯುವಂತೆ ಕಟ್ಟಿದವಲ್ಲ. ಕಡು ಚಳಿಯ ರಾತ್ರಿ ಅಷ್ಟು ಸಾಲದೆ ಹೋಗಬಹುದು. ಮ್ಯಾಟ್‌ನ ಕೆಳಗೆ ಶಾಖ ತಡೆಯುವ ಹಾಳೆ ಹಾಕದಿದ್ದರೆ ಒಂದಿಷ್ಟು ಬಿಸಿ ಕೆಳಗಿನ ಮನೆಯವರ ಚಾವಣಿಗೆ ಹೋಗುತ್ತದೆ.

ರೇಡಿಯೇಟರ್ ಅರ್ಧ ಗಂಟೆಯಲ್ಲಿ ಪರಿಣಾಮ ತೋರಿಸುತ್ತದೆ. ನೆಲ ಕಾಯಲು ಹೆಚ್ಚು ಹೊತ್ತು ಬೇಕು, ಕಾದರೆ ಆರಲೂ ಹೊತ್ತು ಬೇಕು. ಜ್ವರ ಬಂದು ಸೆಕೆ ಎನ್ನುವ ರೋಗಿಗೆ ನೆಲವನ್ನು ತಕ್ಷಣ ತಣ್ಣಗಾಗಿಸಲು ಆಗುವುದಿಲ್ಲ.

ಬಾಡಿಗೆ ಮನೆಯಲ್ಲಿದ್ದರೆ, ವರ್ಷಕ್ಕೆ ಎರಡು ತಿಂಗಳಷ್ಟೇ ಚಳಿ ಇದ್ದರೆ, ತಂದೆ ತಾಯಿ ಚಳಿಗಾಲಕ್ಕೆ ಮಾತ್ರ ಬಂದಿದ್ದರೆ ನೆಲ ಒಡೆಸುವುದರಲ್ಲಿ ಅರ್ಥವಿಲ್ಲ. ಪುಣೆ, ಹೈದರಾಬಾದಿನ ಚಳಿಗೆ ಕಿಟಕಿ ಸಂದು ಮುಚ್ಚಿ, ನೆಲಕ್ಕೆ ಜಮಖಾನ ಹಾಸಿ, ಸಣ್ಣ ರೇಡಿಯೇಟರ್ ಒಂದೆರಡು ಗಂಟೆ ಹಚ್ಚಿದರೆ ಸಾಕು. ಬಿಸಿ ಗಾಳಿಯನ್ನೂ ಕೊಡುವ ಎಸಿ ಈಗಾಗಲೇ ಇದ್ದರೆ ಅದನ್ನೂ ಬಳಸಬಹುದು. ಅದು ಒಂದು ಯೂನಿಟ್ ಕರೆಂಟಿಗೆ ಹಲವು ಪಟ್ಟು ಶಾಖ ಕೊಡುತ್ತದೆ. ಗಾಳಿ ನೇರವಾಗಿ ರೋಗಿಯ ಮುಖಕ್ಕೆ ಬಡಿಯದಿರಲಿ.

ರೇಡಿಯೇಟರ್ ಆದರೆ ಇವುಗಳನ್ನು ಗಮನಿಸಿ

• 16 ಆಂಪಿಯರ್‌ನ ದೊಡ್ಡ ಸಾಕೆಟಿಗೆ ನೇರ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್, ಸಣ್ಣ ಸಾಕೆಟ್ ಬೇಡ.
• ಹಾಸಿಗೆ, ಪರದೆ, ರಜಾಯಿಯಿಂದ ಒಂದು ಮೀಟರ್ ದೂರವಿಡಿ.
• ಮೇಲೆ ಬಟ್ಟೆ ಒಣಗಿಸಬೇಡಿ.
• ಉರುಳಿ ಬಿದ್ದರೆ ತಾನೇ ಆರುವ, ಅತಿ ಬಿಸಿಯಾದರೆ ನಿಲ್ಲುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ. ಐಎಸ್ಐ ಗುರುತು ನೋಡಿ.
• ವೈರು ರೋಗಿ ರಾತ್ರಿ ಬಚ್ಚಲಿಗೆ ಹೋಗುವ ದಾರಿಗೆ ಅಡ್ಡ ಬರದಿರಲಿ.
• ಎಣ್ಣೆ ಸೋರಿದ ಗುರುತು ಕಂಡರೆ ಬಳಸುವುದನ್ನು ನಿಲ್ಲಿಸಿ.

ನೆಲದಡಿಯ ಬಿಸಿ ಆದರೆ

• ನೆಲದೊಳಗೆ ಸೆನ್ಸರ್ ಇರುವ ಥರ್ಮೋಸ್ಟಾಟ್ ಬೇಕೇಬೇಕು. ಗರಿಷ್ಠ ಮಿತಿ ಹಾಕಿ ಲಾಕ್ ಮಾಡಿಸಿ.
• 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಬಚ್ಚಲಿನಲ್ಲಿ ಇದು ಜೀವ ಉಳಿಸುವ ಸಾಧನ.
• ಮಂಚ, ಬೀರು ನಿಲ್ಲುವ ಜಾಗದಲ್ಲಿ ಕೇಬಲ್ ಬೇಡ. ಎಲ್ಲಿ ಕೇಬಲ್ ಇದೆ ಎಂಬ ನಕ್ಷೆ ಮತ್ತು ಫೋಟೋ ಇಟ್ಟುಕೊಳ್ಳಿ.
• ಬಿಸಿ ಇರುವ ಜಾಗದಲ್ಲಿ ದಪ್ಪ ಹಾಸಿಗೆ, ರಬ್ಬರ್ ಮ್ಯಾಟ್ ಬೇಡ.
• ಬಳಸಲು ಶುರು ಮಾಡಿದ ಮೊದಲ ವಾರ ರೋಗಿಯ ಅಂಗಾಲನ್ನು ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೋಡಿ.

ಆರೈಕೆ ಮಾಡುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಹೀಟರ್ ಕೋಣೆಯ ಆಮ್ಲಜನಕವನ್ನು ಸುಡುತ್ತದೆಯೇ?
ಕರೆಂಟಿನ ಹೀಟರ್ ಯಾವುದೂ ಸುಡುವುದಿಲ್ಲ. ಗಾಳಿ ಬಿಸಿಯಾದಾಗ ತೇವಾಂಶದ ಪ್ರಮಾಣ ಇಳಿಯುತ್ತದೆ, ಗಂಟಲು ಒಣಗುವುದು ಅದಕ್ಕೆ. 8 ಡಿಗ್ರಿಯ ಗಾಳಿಯನ್ನು 20 ಡಿಗ್ರಿಗೆ ಕಾಯಿಸಿದರೆ ತೇವಾಂಶ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಯಾವ ಹೀಟರ್ ಆದರೂ ಇದು ತಪ್ಪದು. ತೇವಾಂಶ 40ರಿಂದ 60 ಶೇಕಡಾ ಇರುವಂತೆ ನೋಡಿಕೊಳ್ಳಿ, ಆಗಾಗ ನೀರು ಕುಡಿಸಿ.

ಹಾಗಾದರೆ ಕಿಟಕಿ ಮುಚ್ಚಿಡಬಹುದೇ?
ಕರೆಂಟಿನ ಹೀಟರ್ ಆದರೆ ಮುಚ್ಚಿಡಬಹುದು. ಮಧ್ಯಾಹ್ನ ಹೊರಗಿನ ಗಾಳಿ ಸ್ವಲ್ಪ ಸುಧಾರಿಸಿದಾಗ ಹತ್ತು ನಿಮಿಷ ತೆರೆಯಿರಿ. ಇದ್ದಿಲಿನ ಅಂಗೀಠಿ ಮತ್ತು ಗ್ಯಾಸ್ ಹೀಟರಿನ ಮಾತು ಬೇರೆ. ಅವು ಹೊರಬಿಡುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂಗೀಠಿ ಇಟ್ಟುಕೊಂಡು ಬಾಗಿಲು ಹಾಕಿ ಮಲಗಿದವರು ಮತ್ತೆ ಏಳದ ಸುದ್ದಿ ಉತ್ತರ ಭಾರತದಲ್ಲಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಮಲಗುವ ಕೋಣೆಗೆ ಅವನ್ನು ತರಲೇಬೇಡಿ.

ನೆಲ ಬಿಸಿಯಾದರೆ ಕಾಲು ಬಾಯುತ್ತದೆಯೇ?
ನೆಲವನ್ನು ಅತಿ ಬಿಸಿ ಮಾಡುತ್ತಿದ್ದ ಹಳೆಯ ವ್ಯವಸ್ಥೆಗಳ ಬಗ್ಗೆ ಆ ದೂರಿತ್ತು. 29 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರ ಕಾಲು ಬಾತರೆ ನೆಲದ ಮೇಲೆ ಹೊರಿಸಿ ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಮಾತು ತೊದಲುವುದು, ಮಂಪರು, ಗೊಂದಲ, ಬಟ್ಟೆಯೊಳಗಿನ ಹೊಟ್ಟೆಯೂ ತಣ್ಣಗಿರುವುದು: ದೇಹದ ಉಷ್ಣತೆ 35 ಡಿಗ್ರಿಗಿಂತ ಇಳಿದಿರಬಹುದು. ವೃದ್ಧರಲ್ಲಿ ನಡುಕ ಇಲ್ಲದೆಯೂ ಹೀಗಾಗುತ್ತದೆ. ಒಣ ಕಂಬಳಿ ಹೊದಿಸಿ, 112 ಅಥವಾ 108ಕ್ಕೆ ಕರೆ ಮಾಡಿ. ಕೈಕಾಲು ಉಜ್ಜಬೇಡಿ, ಹೀಟರಿನ ಮುಂದೆ ಕೂರಿಸಬೇಡಿ. ಮಾತು ತೊದಲುವುದರ ಜೊತೆ ಮುಖ ಸೊಟ್ಟಗಾಗಿದ್ದರೆ ಅಥವಾ ಒಂದು ಕೈ ಸೋತಿದ್ದರೆ ಅದು ಪಾರ್ಶ್ವವಾಯು ಇರಬಹುದು. ಒಂದು ನಿಮಿಷವೂ ಕಾಯಬೇಡಿ.

ಮನೆಯ ಹಲವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ, ತಲೆಸುತ್ತು: ಅಂಗೀಠಿ, ಗ್ಯಾಸ್ ಹೀಟರ್ ಅಥವಾ ಗ್ಯಾಸ್ ಗೀಸರ್ ಇದ್ದರೆ ಕಾರ್ಬನ್ ಮೋನಾಕ್ಸೈಡ್ ಎಂದೇ ಭಾವಿಸಿ. ಎಲ್ಲರನ್ನೂ ಹೊರಗೆ ಕರೆತಂದು ಸಹಾಯಕ್ಕೆ ಕರೆ ಮಾಡಿ.

ಚರ್ಮ ಕೆಂಪಾಗುವುದು, ಬೊಬ್ಬೆ ಏಳುವುದು: ನಲ್ಲಿಯ ತಂಪು ನೀರನ್ನು 20 ನಿಮಿಷ ಹರಿಸಿ, ಉಳಿದ ಮೈಯನ್ನು ಬೆಚ್ಚಗೆ ಹೊದಿಸಿಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ ಬೇಡ. ಬೊಬ್ಬೆ ಒಡೆಯಬೇಡಿ. ಸಕ್ಕರೆ ಕಾಯಿಲೆಯವರ ಪಾದವಾದರೆ ಗಾಯ ಎಷ್ಟೇ ಸಣ್ಣದಿರಲಿ, ಅದೇ ದಿನ ವೈದ್ಯರಿಗೆ ತೋರಿಸಿ.

ಕಾಲು ಅಥವಾ ಹೊಟ್ಟೆಯ ಚರ್ಮದಲ್ಲಿ ಬಲೆಯಂತಹ ಕಂದು ಗೆರೆಗಳು: ಬಹಳ ದಿನ ಹತ್ತಿರದಿಂದ ಕಾವು ತಾಗಿದ್ದರ ಗುರುತು. ಕಾಶ್ಮೀರದಲ್ಲಿ ಮೈಗೆ ಒತ್ತಿಕೊಳ್ಳುವ ಕಾಂಗಡಿಯಿಂದ ಹೀಗಾಗುತ್ತದೆ, ವರ್ಷಗಟ್ಟಲೆ ಮುಂದುವರಿದರೆ ಚರ್ಮದ ಕ್ಯಾನ್ಸರಿಗೂ ದಾರಿಯಾಗಬಹುದು. ಹೀಟರನ್ನು ದೂರ ಸರಿಸಿ, ಚರ್ಮ ವೈದ್ಯರನ್ನು ಕಾಣಿ.

ನೆನಪಿಡಿ

ಹೆಚ್ಚಿನ ರೋಗಿಗಳಿಗೆ, ಅದರಲ್ಲೂ ಬಾಡಿಗೆ ಮನೆಗಳಲ್ಲಿ, ದೊಡ್ಡ ಆಯಿಲ್ ರೇಡಿಯೇಟರನ್ನು ದೂರವಿಟ್ಟು ಕಡಿಮೆ ಸೆಟ್ಟಿಂಗಿನಲ್ಲಿ ಓಡಿಸುವುದೇ ಸರಿಯಾದ ಆಯ್ಕೆ. ಸ್ವಂತ ಮನೆ ಇದ್ದು, ಹೇಗೂ ನೆಲದ ಕೆಲಸ ಮಾಡಿಸುತ್ತಿದ್ದು, ರೋಗಿ ಮಂಚದ ಮೇಲೆ ಮಲಗುವವರಾಗಿ ಓಡಾಡುವವರಾದರೆ ನೆಲದಡಿಯ ಬಿಸಿ ಒಳ್ಳೆಯದು. ಯಾವುದನ್ನು ಆರಿಸಿದರೂ ಮಲಗುವ ಮುನ್ನ ಒಮ್ಮೆ ರೋಗಿಯ ಕೋಣೆಗೆ ಹೋಗಿ, ಥರ್ಮಾಮೀಟರ್ ನೋಡಿ, ಹೀಟರ್ ಮತ್ತು ಅವರ ನಡುವಿನ ದೂರ ನೋಡಿ, ಹೊದಿಕೆಯೊಳಗೆ ಕೈ ಹಾಕಿ ಅವರ ಪಾದ ಮುಟ್ಟಿ ನೋಡಿ. ಅವರಿಗೆ ತಿಳಿಯದ ಬಿಸಿ ನಿಮ್ಮ ಕೈಗೆ ತಿಳಿಯುತ್ತದೆ.